ಸಿಡುಕಪ್ಪನ ಪಕ್ಕದ ಕುರ್ಚಿ

ಶನಿವಾರ, ಸಂಜೆ

ಪ್ರೀತಿಯ ಅಕ್ಕಾ,

ಮೂಲೆಯಲ್ಲಿ ಮುದುಡಿ ಕೂರಬೇಡ, ಎಲ್ಲರ ಜೊತೆ ಬೆರೆ ಎಂದಿದ್ದೆಯಲ್ಲ, ಬೆರೆತೆ. ಈಗ ಅನುಭವಿಸುತ್ತಿದ್ದೇನೆ. ಬೈಯಲು ನೀನಲ್ಲದೆ ನನಗಿನ್ಯಾರಿದ್ದಾರೆ?

ಇಲ್ಲಿ ನಾನು ಗುತ್ತಿಗೆಯವಳು. ಬಾಟಲಿ ತುಂಬುವ ಯಂತ್ರ ಕೆಟ್ಟರೆ ಸರಿಮಾಡುವುದು ಹೇಗೆಂದು ಕೈಪಿಡಿ ಬರೆಯುವುದು ನನ್ನ ಕೆಲಸ. ಆ ಯಂತ್ರದ ಮರ್ಮ ಗೊತ್ತಿರುವುದು ಹಿರಿಯ ಎಂಜಿನಿಯರ್ ಒಬ್ಬರಿಗೇ. ಆಫೀಸಿನವರು ಬೆನ್ನ ಹಿಂದೆ ಅವರನ್ನು ಸಿಡುಕಪ್ಪ ಅನ್ನುತ್ತಾರೆ. ಮೊದಲು ಏನು ಕೇಳಿದರೂ, ಡ್ರಾಯಿಂಗ್ ಇದೆಯಲ್ಲಮ್ಮ, ನೋಡ್ಕೋ ಹೋಗು ಅಂತ ಮುಖ ತಿರುಗಿಸುತ್ತಿದ್ದರು. ಕ್ಯಾಂಟೀನಿನಲ್ಲಿ ಅವರೊಬ್ಬರೇ ಕೂರುವ ಮೇಜಿಗೆ ಒಂದು ದಿನ ಚಹಾ ಹಿಡಿದು ಹೋದೆ. ಯಂತ್ರದ ಸುದ್ದಿಯನ್ನೇ ಎತ್ತಲಿಲ್ಲ. ಅವರ ಮಂಡಿನೋವು, ಮಗಳ ಹಟ, ಬೆಕ್ಕಿನ ಕಳ್ಳಾಟ ಎಲ್ಲ ಕೇಳಿಸಿಕೊಂಡೆ. ಸಪ್ಪೆ ಜೋಕಿಗೂ ನಕ್ಕೆ. ಮೊದಮೊದಲು ಬರೀ ನಾಟಕ. ಆಮೇಲೆ ನಿಜವಾಗಿಯೂ ನಗು ಬರತೊಡಗಿತು. ಈಗ ಅವರೇ, ಬಾಮ್ಮ, ಇದನ್ನ ಯಾರಿಗೂ ಹೇಳ್ಕೊಟ್ಟಿಲ್ಲ ಅಂತ ಕರೆದು ತೋರಿಸುತ್ತಾರೆ. ಸದ್ದು ಕೇಳಿಯೇ ವಾಲ್ವು ಎಲ್ಲಿ ಕಟ್ಟಿಕೊಂಡಿದೆ ಎಂದು ಕಂಡುಹಿಡಿಯುವುದನ್ನೂ ಕಲಿಸಿದ್ದಾರೆ.

ಮೊನ್ನೆ ಮ್ಯಾನೇಜರ್ ಕರೆದು ಹೊಗಳಿದರು. ಆ ಮನುಷ್ಯನ ಬಾಯಿ ಬಿಡಿಸಿದ್ದು ನೀವೊಬ್ಬರೇ, ಕೈಪಿಡಿ ಮುಗೀಲಿ, ಅವರನ್ನ ಮನೆಗೆ ಕಳಿಸಿ ನಿಮ್ಮನ್ನ ಖಾಯಂ ಮಾಡ್ಕೋತೀವಿ, ಹೊರಗೆ ಸುದ್ದಿ ಬಿಡಬೇಡಿ ಅಂದರು. ನಾನು ಸರಿ ಸಾರ್ ಅಂದುಬಿಟ್ಟೆ.

ಸಿಡುಕಪ್ಪನಿಗೆ ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಹೇಳದಿದ್ದರೆ ಅವರದು. ನಮ್ಮ ಯಜಮಾನರಿಗೋ ಇನ್ನೂ ಎಲ್ಲೂ ಕೆಲಸ ಸಿಕ್ಕಿಲ್ಲ, ಮನೆ ನಡೆಯುತ್ತಿರುವುದು ನನ್ನಿಂದಲೇ. ಚಹಾದ ಹೊತ್ತಿಗೆ ಸಿಡುಕಪ್ಪ ಪಕ್ಕದ ಕುರ್ಚಿಯ ಮೇಲೆ ಚೀಲವಿಟ್ಟು ನನಗಾಗಿ ಜಾಗ ಹಿಡಿದಿರುತ್ತಾರೆ. ಹೋಗಲೂ ಆಗದು, ತಪ್ಪಿಸಿಕೊಳ್ಳಲೂ ಆಗದು. ಅಕ್ಕಾ, ಏನು ಮಾಡಲಿ ಹೇಳು.

ನಿನ್ನ ಪೆದ್ದು,
ತಂಗಿ

ತಾ.ಕ.: ನಿನ್ನ ಹತ್ತಿರ ಮುಚ್ಚಿಡುವುದೇನು? ವಾಲ್ವಿನ ಆ ಪಾಠವನ್ನು ಬೇಕೆಂದೇ ಬರೆಯದೆ ಬಿಟ್ಟಿದ್ದೆ. ಅದಿಲ್ಲದಿದ್ದರೆ ಅವರನ್ನು ಕಳಿಸಲಾಗದು ಎಂದು ನನ್ನ ಲೆಕ್ಕಾಚಾರ. ನಿನ್ನೆ ಅವರು ಕರಡು ಓದಿದರು. ಇದನ್ನ ಮರ್ತಿದ್ದೀಯಲ್ಲೇ, ಮ್ಯಾನೇಜರ್ ಕಂಡ್ರೆ ನಿನ್ನ ಕೆಲಸಕ್ಕೆ ಕುತ್ತು ಅಂತ ಗದರಿ, ತಾವೇ ಕೂತು ಪುಟವಿಡೀ ಬರೆದರು. ನನ್ನ ಹೆಸರು ಹಾಕಿ ಮ್ಯಾನೇಜರಿಗೆ ಕೊಟ್ಟೂ ಬಂದರು.