ಕೆರೆ ಅಂಗಳಕ್ಕೆ ಒಂದು ಕೊಡ ನೀರು

12 ಏಪ್ರಿಲ್ 1981, ಭಾನುವಾರ. ಕೊಟ್ಟೂರು.

ಫುಟ್‌ಬಾಲ್ ಮ್ಯಾಚು ನಮ್ಮ ಹುಡುಗರು ಗೆದ್ದರು. ಊಟ ಸೇರಲಿಲ್ಲ.

ಎಣ್ಣೆ ಮಿಲ್ಲಿನ ಬೆನಕಪ್ಪ ಸಾಹುಕಾರರು ನಮ್ಮ ಕ್ಲಬ್ಬಿಗೆ ಕಟ್ಟಿಸಿಕೊಟ್ಟ ಹೊಸ ಮೈದಾನದಲ್ಲಿ ಇವತ್ತು ಮೊದಲ ಆಟ. ಸಿಮೆಂಟಿನ ಮೆಟ್ಟಿಲು, ಕಾಂಪೌಂಡು, ಗೇಟು. ಆಟ ಕಲಿಸಲು ಹುಬ್ಬಳ್ಳಿಯಿಂದ ಹೊಸಬನೊಬ್ಬ ಬಂದಿದ್ದಾನೆ. ಇಷ್ಟು ವರ್ಷ ಕೆರೆ ಅಂಗಳದಲ್ಲಿ ಕಲಿಸಿದ ಸುಂಕಪ್ಪಣ್ಣನಿಗೆ ‘ಇನ್ನು ಬೇಡ’ ಎಂದು ಹೇಳುವ ಸೌಜನ್ಯವೂ ಯಾರಿಗೂ ಇರಲಿಲ್ಲ.

ಬೆಳಿಗ್ಗೆ ಹೋಟೆಲಿನಲ್ಲಿ ಮಿರ್ಚಿ ತಿನ್ನುತ್ತ ಗೆಳೆಯರ ನಡುವೆ ಇದೇ ವಾದ.

“ಸಾಹುಕಾರ್ರಿಗೆ ಬಳ್ಳಾರಿ ಕಪ್ ಬೇಕಾಗೈತಿ. ಕೆರಿ ಅಂಗಳದಾಗ ಆಡಿದ್ರ ಕಪ್ ಬರ್ತೈತೇನಲೇ?” ಅಂದ ಶಿವಯೋಗಿ.

“ಆಡಾಕ ಕಲಿಸಿದೋರು ಯಾರು?” ಅಂದ ಪಕ್ಕೀರ.

ನಾನು ಇನ್ನೊಂದು ಮಿರ್ಚಿಗೆ ಕೈ ಹಾಕಿದೆ.

ಬತ್ತಿದ ಕೆರೆಯಲ್ಲಿ ಆಡುವಾಗ ಧೂಳು ಏಳದಂತೆ, ನೋಡಲು ಬರುವವರೆಲ್ಲ ಒಂದೊಂದು ಕೊಡ ನೀರು ತಂದು ಚಿಮುಕಿಸಬೇಕಿತ್ತು. ಸುಂಕಪ್ಪಣ್ಣ ಮಾಡಿದ ನೇಮ ಅದು. ಇವತ್ತೂ ಹೆಗಲ ಮೇಲೆ ಕೊಡ ಹೊತ್ತು ಗೇಟಿಗೆ ಬಂದಿದ್ದ.

“ಟ್ಯಾಂಕರ್‌ಲೆ ನೀರು ಹೊಡದಾರ್ರಿ. ಕೊಡ ಹೊರಗಿಟ್ಟು ಬರ್ರಿ,” ಅಂದ ಕಾವಲುಗಾರ.

ಸುಂಕಪ್ಪಣ್ಣ ಹಾಗೇ ತಿರುಗಿ ಹೋದ. ಸಿಮೆಂಟಿನ ಮೆಟ್ಟಿಲ ಮೇಲಿಂದ ನೋಡಿದೆ, ಎದ್ದು ಹೋಗಲಿಲ್ಲ. ಒಳ್ಳೆಯ ಜಾಗ ಹಿಡಿದಿದ್ದೆ.

ಆಟ ಮುಗಿದ ಮೇಲೆ ಕೆರೆಗೆ ಹೋದೆ. ನಮ್ಮ ಹಳೇ ಗೋಲಿನ ಮುಂದೆ ಅಣ್ಣ ಒಬ್ಬನೇ ನೀರು ಚಿಮುಕಿಸುತ್ತಿದ್ದ.

“ಅಲ್ಲಿ ಧೂಳು ಏಳ್ತೈತೇನಪಾ?”

“ಇಲ್ಲಣ್ಣ.”

“ಛಲೋ ಆತು. ಹುಡುಗ್ರ ಕಣ್ಣಾಗ ಧೂಳು ಬೀಳಂಗಿಲ್ಲ,” ಅಂದು ಉಳಿದ ನೀರನ್ನೂ ಸುರಿದ, ಯಾರೂ ಆಡದ ನೆಲಕ್ಕೆ.