ಫಿಡೆಲ್ಮಾಳ ಕಾರು

ಕಿಲಿಬೆಗ್ಸ್
ಏಪ್ರಿಲ್ ೧೯, ಭಾನುವಾರ

ಪ್ರೀತಿಯ ಓರ್ಲಕ್ಕಾ,

ಮೊನ್ನೆ ಫೋನಿನಲ್ಲಿ "ಏನೇ, ಧ್ವನಿ ಸಪ್ಪಗಿದೆ" ಎಂದು ನೀನು ಕೇಳಿದಾಗ ನೆಗಡಿ ಎಂದು ಹೇಳಿ ತಪ್ಪಿಸಿಕೊಂಡೆ. ನೆಗಡಿ ಗಿಗಡಿ ಏನೂ ಇರಲಿಲ್ಲ. ಬಾಯಿ ಬಿಟ್ಟರೆ ಅಳು ಬರುತ್ತಿತ್ತು. ನಾನು ಅತ್ತರೆ ನೀನು ಆಸ್ಪತ್ರೆಯ ಪಾಳಿ ಬಿಟ್ಟು ಗಾಲ್ವೇಯಿಂದ ಓಡಿಬರುತ್ತಿದ್ದೆ. ಅದಕ್ಕೇ ಈ ಕಾಗದ. ನಿಧಾನವಾಗಿ ಕೂತು ಓದು.

ಮೀನಿನ ಕಾರ್ಖಾನೆ ಬಿಟ್ಟು, ಶನಿವಾರ ಭಾನುವಾರ ಮಾತ್ರ ಮಾಡುತ್ತಿದ್ದ ಕಾರು ತೊಳೆಯುವ ಕೆಲಸವನ್ನೇ ಪೂರ್ತಿ ಹಿಡಿಯುತ್ತೇನೆ ಎಂದಾಗ ಬೆನ್ನು ತಟ್ಟಿದವಳು ನೀನೊಬ್ಬಳೇ. ಜನವರಿಯಲ್ಲಿ ಬಿಟ್ಟೆ. ಶುರುವಿನಲ್ಲಿ ನಾನೇ ನಂಬಲಾರದಷ್ಟು ಚೆನ್ನಾಗಿ ನಡೆಯಿತು. ವ್ಯಾನಿನಲ್ಲಿ ನೀರಿನ ಟ್ಯಾಂಕು, ಜನರೇಟರು, ಹಬೆಯ ಯಂತ್ರ ಹೇರಿಕೊಂಡು ಜನರ ಮನೆ ಬಾಗಿಲಿಗೇ ಹೋಗುತ್ತಿದ್ದೆ. ಮಳೆ ಬಂದರೆ ವ್ಯಾನಿಗೆ ಟಾರ್ಪಾಲು ಕಟ್ಟಿ ಅದರ ಕೆಳಗೆ ಉಜ್ಜುತ್ತಿದ್ದೆ. ಊರಿನ ಶವಸಂಸ್ಕಾರದ ವ್ಯವಸ್ಥೆ ನೋಡುವ ಮ್ಯಾಲಕಿ ತನ್ನ ಮೂರೂ ಕಪ್ಪು ಕಾರುಗಳನ್ನು ವಾರವಾರವೂ ನನಗೇ ಒಪ್ಪಿಸುತ್ತೇನೆ ಎಂದು ಮೊದಲೇ ಮಾತು ಕೊಟ್ಟಿದ್ದ. ಆ ಮೂರು ಕಾರುಗಳ ಧೈರ್ಯದ ಮೇಲೆಯೇ ನಾನು ಕಾರ್ಖಾನೆಯ ಏಪ್ರನ್ ಕಳಚಿ ಇಟ್ಟದ್ದು.

ಮಾರ್ಚ್ ಕೊನೆಯಲ್ಲಿ ಊನಾ ಫೋನ್ ಮಾಡಿದಳು. ದೋಣಿ ಕಟ್ಟುತ್ತಿದ್ದ ಕಾನಲ್ ನೆನಪಿದೆಯಲ್ಲ, ಅವರ ಒಬ್ಬಳೇ ಮಗಳು, ಡಬ್ಲಿನ್‌ನಲ್ಲಿದ್ದಾಳೆ. ತಾಯಿ ಫಿಡೆಲ್ಮಾ ಹೋದ ವರ್ಷ ತೀರಿಕೊಂಡ ಮೇಲೆ ಅವರ ಪುಟ್ಟ ನೀಲಿ ಕಾರು ಷೆಡ್ಡಿನಲ್ಲೇ ನಿಂತಿತ್ತು. "ಒಳಗೂ ಹೊರಗೂ ಒಂದ್ಸಲ ತೊಳೆದುಕೊಡಿ, ಅಪ್ಪನಿಗೆ ಖುಷಿಯಾಗ್ಲಿ" ಎಂದಳು. ಕಾನಲ್ ತಮ್ಮನನ್ನು ನೋಡಲು ಆರ್ಡರಾಕ್ಕೆ ಹೋಗಿದ್ದ ದಿನವೇ ಊರಿಗೆ ಬಂದು ನನ್ನನ್ನು ಕರೆಸಿ, ಕೀಲಿ ಕೊಟ್ಟು ಡಬ್ಲಿನ್ ಬಸ್ಸು ಹತ್ತಿದಳು.

ಅಕ್ಕಾ, ಬಾಗಿಲು ತೆಗೆದ ಕೂಡಲೇ ನನಗೆ ಒಳಗೆ ಯಾರೋ ಕೂತಿದ್ದಾರೆ ಅನ್ನಿಸಿತು. ಡ್ರೈವರ್ ಸೀಟು ಸ್ಟೀರಿಂಗಿಗೆ ಅಂಟುವಷ್ಟು ಮುಂದಿತ್ತು. ಫಿಡೆಲ್ಮಾ ಎಷ್ಟು ಕುಳ್ಳಗಿದ್ದಳು ನಿನಗೆ ಗೊತ್ತು. ತಲೆ ಆನಿಸುವ ಕಡೆ ಬಿಳಿ ಕೂದಲು. ಕೆಳಗೆ ಕಡಲದಂಡೆಯ ಮರಳು. ಅವಳು ಕೈಗೆ ಹಚ್ಚಿಕೊಳ್ಳುತ್ತಿದ್ದ ಲ್ಯಾವೆಂಡರ್ ಕ್ರೀಮಿನ ವಾಸನೆ ಸೀಟಿನ ಬಟ್ಟೆಯೊಳಗೇ ಇಳಿದುಹೋಗಿತ್ತು.

ಬ್ರಷ್ ಎತ್ತಿಕೊಂಡೆ, ಮತ್ತೆ ವ್ಯಾನಿನಲ್ಲಿಟ್ಟೆ. ಆಮೇಲೆ ಕೆಲಸ ಶುರುಮಾಡಿದೆ. ಶುರುಮಾಡಿದ ಮೇಲೆ ನನಗೆ ಅರ್ಧಕ್ಕೆ ಬಿಡಲು ಬರುವುದಿಲ್ಲ. ಹಬೆ ಹಾಯಿಸಿ, ಸೀಟಿನ ಹೊಲಿಗೆಹೊಲಿಗೆಯಿಂದಲೂ ಕೊಳೆ ಎಳೆದೆ. ಸಂಜೆಯ ಹೊತ್ತಿಗೆ ಕಾರು ಅಂಗಡಿಯಿಂದ ಆಗಷ್ಟೇ ತಂದಂತಿತ್ತು.

ಕಾನಲ್ ಬಂದರು. ನನ್ನ ವ್ಯಾನು ನೋಡಿದರು, ಷೆಡ್ಡಿನ ತೆರೆದ ಬಾಗಿಲು ನೋಡಿದರು. ನೆಟ್ಟಗೆ ಹೋಗಿ ಎಡಗಡೆಯ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡರು. ಅವರಿಗೆ ಕಾರು ಓಡಿಸಲು ಬರುವುದಿಲ್ಲ, ಜೀವಮಾನವೆಲ್ಲ ಅವಳ ಪಕ್ಕದಲ್ಲಿ ಕೂತೇ ತಿರುಗಾಡಿದವರು. ಗಾಜಿನಾಚೆ ಅವರು ಮೂಗೆಳೆದು ಉಸಿರು ತೆಗೆದುಕೊಳ್ಳುವುದು ಕಾಣುತ್ತಿತ್ತು. ಒಂದು ಸಲ, ಇನ್ನೊಂದು ಸಲ. ಆಮೇಲೆ ಬಾಗಿಲು ತೆಗೆದು, ಸಂತೆಯಲ್ಲಿ ಮಗು ಕಳೆದುಕೊಂಡವರ ಹಾಗೆ ನನ್ನನ್ನು ಕೇಳಿದರು:

"ಎಲ್ಲಿ ಹೋದ್ಲು?"

ನಾನು ಬ್ರಷ್ ಕೆಳಗಿಟ್ಟೆ.

"ದಿನಾ ಸಂಜೆ ಇಲ್ಲೇ ಇರ್ತಿದ್ಲು. ಎಲ್ಲಿ ಹಾಕಿದೆ? ಆ ನೀರೆಲ್ಲಿ ಚೆಲ್ಲಿದೆ?"

ಕೊಳೆನೀರು ಇನ್ನೂ ಯಂತ್ರದ ಡಬ್ಬಿಯಲ್ಲೇ ಇತ್ತು. ಕೊಡು ಎಂದರು. ಬಕೆಟ್ಟಿಗೆ ಸುರಿದು ಕೊಟ್ಟೆ. ಕಪ್ಪು ನೀರು, ಮೇಲೆ ನೊರೆ, ಒಂದೆರಡು ಕೂದಲು. ಅದನ್ನು ಎರಡೂ ಕೈಯಲ್ಲಿ ಹಿಡಿದು, ತುಳುಕದಂತೆ ಹೆಜ್ಜೆಯಿಟ್ಟು ಮನೆಯೊಳಗೆ ಹೋಗಿ ಚಿಲಕ ಹಾಕಿಕೊಂಡರು. ನಾನು ಬಾಗಿಲು ಬಡಿದೆ, ಕೂಗಿದೆ, ಕಿಟಕಿಯ ಹತ್ತಿರ ನಿಂತು ಕ್ಷಮಿಸಿ ಎಂದೆ. ತೆರೆಯಲಿಲ್ಲ.

ಊರಿಗೆ ಗೊತ್ತಾಗಲು ಎಷ್ಟು ಹೊತ್ತು ಬೇಕು ಹೇಳು. ಬೇಕರಿಯಲ್ಲಿ ಬ್ರೆಡ್ಡಿಗೆ ನಿಂತಿದ್ದಾಗ ಹಿಂದಿನಿಂದ ಒಬ್ಬಳು, "ಇವಳ ಕೈಗೆ ಕಾರು ಕೊಟ್ಟೀಯೇ ಜೋಕೆ, ಸತ್ತೋರನ್ನೂ ತೊಳೆದು ಹಾಕ್ತಾಳೆ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ ಅಕ್ಕಾ, ಅದು ನನಗೆ ಇನ್ನೂ ಚುಚ್ಚುತ್ತಿದೆ. ಒಬ್ಬೊಬ್ಬರೇ ಫೋನ್ ಮಾಡಿ ಈ ವಾರ ಬೇಡ ಎಂದರು. ಕೊನೆಗೆ ಮ್ಯಾಲಕಿಯೇ ಬಂದ. ಪಾಪ, ಟೋಪಿ ಕೈಯಲ್ಲಿ ಹಿಡಿದು ತಿರುಗಿಸುತ್ತಾ, "ನನ್ನ ಕಸುಬು ನಿಂಗೆ ಗೊತ್ತಲ್ಲ ಡರ್ವ್ಲಾ. ದುಃಖದಲ್ಲಿರೋರು ಕೂರೋ ಕಾರು. ಜನ ಮಾತಾಡ್ಕೋತಾರೆ. ಸದ್ಯಕ್ಕೆ ಬೇಡಮ್ಮ" ಎಂದ. ಕಾರ್ಖಾನೆಯ ಮೇಲ್ವಿಚಾರಕಿಗೂ ಸುದ್ದಿ ಮುಟ್ಟಿತು. ನನ್ನ ಜಾಗ ಇನ್ನೂ ಖಾಲಿ ಇದೆಯಂತೆ, ಬರುವುದಾದರೆ ಸೋಮವಾರ ಬಾ ಎಂದು ಹೇಳಿಕಳಿಸಿದಳು. ಆ ಏಪ್ರನ್ನನ್ನು ತೆಗೆದು ಕುರ್ಚಿಯ ಮೇಲೆ ಹಾಕಿದ್ದೆ ಕೂಡ.

ನಿನ್ನೆ ಬೆಳಿಗ್ಗೆ ಬಾಗಿಲು ತೆಗೆದರೆ ಕಾನಲ್ ನಿಂತಿದ್ದರು. ಕೋಟು, ಟೈ, ಕೈಯಲ್ಲಿ ಕೀಲಿ.

"ನಂಗೆ ಓಡಿಸೋಕೆ ಬರಲ್ಲ. ಲೆಟರ್‌ಕೆನಿಯಲ್ಲಿ ಒಬ್ಬ ಕೊಂಡ್ಕೋತಾನಂತೆ. ನೀನೇ ತಗೊಂಡು ನಡಿ" ಎಂದರು.

ನಾನು ಸೀಟು ಹಿಂದಕ್ಕೆ ತಳ್ಳಬೇಕಾಯಿತು. ಆ ಸದ್ದಿಗೆ ಅವರು ಮುಖ ತಿರುಗಿಸಿಕೊಂಡರು. ಡೊನೆಗಾಲ್ ಪೇಟೆ ದಾಟಿದೆವು. ಬಾರ್ನ್ಸ್‌ಮೋರ್ ಕಣಿವೆಯಲ್ಲಿ ಮಂಜು ಕವಿದಾಗ, "ಇಲ್ಲಿ ನಿಧಾನ ಮಾಡ್ತಿದ್ಲು" ಎಂದರು. ನಿಧಾನ ಮಾಡಿದೆ.

"ನಿನ್ನ ಮೇಲಿನ ಸಿಟ್ಟು ಹೋಗಿಲ್ಲ ಕಣೆ."

"ಹೋಗೋದು ಬೇಡ ಬಿಡಿ" ಎಂದೆ.

"ಒಂದು ಮೂಲೇಲಾದ್ರೂ ಏನಾದ್ರೂ ಬಿಟ್ಟಿರ್ತೀಯಾ ಅಂತ ಮೂರು ವಾರ ಹುಡುಕಿದೆ. ನಾನೂ ಕೆಲಸಗಾರನೇ. ನಿನ್ನಷ್ಟು ಚೊಕ್ಕ ಕೆಲಸ ನಾನು ದೋಣಿ ಮೇಲೂ ಮಾಡ್ಲಿಲ್ಲ. ಹಾಳಾಗ್ಹೋಗು."

ಅದು ಹೊಗಳಿಕೆಯೋ ಶಾಪವೋ ನನಗೆ ತಿಳಿಯಲಿಲ್ಲ. ಎರಡೂ ಇರಬೇಕು. ಇನ್ನಷ್ಟು ದೂರ ಹೋದ ಮೇಲೆ ಕೇಳಿದರು: "ಊನಾಗೆ ಗೊತ್ತಿತ್ತಾ? ನೀನು ಹೀಗೆ ಬಳಿದು ತೆಗೀತೀಯ ಅಂತ?"

"ಇಲ್ಲ. ಸುಮ್ನೆ ತೊಳೀರಿ ಅಂದಿದ್ಲು. ಅತಿ ಮಾಡಿದವಳು ನಾನು."

ಅವರ ಹೆಗಲು ಇಳಿಯಿತು. ಆ ದಿನದಿಂದ ಮಗಳ ಫೋನನ್ನೇ ತೆಗೆದುಕೊಂಡಿರಲಿಲ್ಲವಂತೆ. "ಹಂಗಾದ್ರೆ ನಾಳೆ ಅವಳಿಗೆ ಮಾಡ್ತೀನಿ" ಎಂದರು.

ಕಾರು ಕೊಟ್ಟು ಬಸ್ಸಿನಲ್ಲಿ ವಾಪಸು ಬಂದೆವು. ಅವರು ಕಿಟಕಿಯ ಪಕ್ಕ, ನಾನು ಈಚೆ. ಬ್ಯಾಲಿಬೊಫೇಯಲ್ಲಿ ಬಸ್ಸು ನಿಂತಾಗ ಇಳಿದು ಚಹಾ ತಂದುಕೊಟ್ಟೆ, ಕುಡಿದರು. ಅವರ ಮನೆ ಗೇಟಿನ ತನಕ ಜೊತೆಗೆ ನಡೆದೆ. ಒಳಗೆ ಬಾ ಎನ್ನಲಿಲ್ಲ.

ನಾಳೆ ಕಾರ್ಖಾನೆಗೆ ಹೋಗುವುದಿಲ್ಲ ಅಕ್ಕಾ. ಇವತ್ತು ಬೆಳಿಗ್ಗೆ ಮೇಲ್ವಿಚಾರಕಿಗೆ ಹೇಳಿಬಿಟ್ಟೆ. ಈ ವಾರಕ್ಕೆ ಇರುವುದು ಎರಡೇ ಕಾರು, ಎರಡೂ ಹೊರಗಿನ ಊರಿನವು. ಹೆದರಿಕೆ ಇಲ್ಲ ಎಂದರೆ ಸುಳ್ಳು. ಆದರೆ ವ್ಯಾನು ಶುರುಮಾಡಿದಾಗ ಅದು ತುಸು ಕಡಿಮೆಯಾಗುತ್ತದೆ. ಇದು ನನ್ನ ಕೆಲಸ, ಇದಕ್ಕಿಂತ ಚೆನ್ನಾಗಿ ನನಗೆ ಬೇರೇನೂ ಬರುವುದಿಲ್ಲ.

ನೀನು ಊಟ ಬಿಡಬೇಡ, ಪಾಳಿ ಮುಗಿಸಿ ನಿದ್ದೆ ಮಾಡು.

ನಿನ್ನ ತಂಗಿ,
ಡರ್ವ್ಲಾ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಅಂದುಕೊಂಡಿದ್ದೆ. ನಿನಗೂ ಸುಳ್ಳು ಹೇಳಿ ಲಕೋಟೆ ಅಂಟಿಸಲು ಆಗುತ್ತಿಲ್ಲ. ಊನಾ ಸುಮ್ಮನೆ ತೊಳೆಯಿರಿ ಎನ್ನಲಿಲ್ಲ. ಷೆಡ್ಡಿನಲ್ಲಿ ನನ್ನ ಕೈ ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತಳು. "ಅಪ್ಪ ಇದರಲ್ಲಿ ಕೂತ್ರೆ ಊಟಕ್ಕೂ ಏಳಲ್ಲ, ಹಿಂಗೇ ಆದ್ರೆ ಅವರನ್ನೂ ಕಳ್ಕೋತೀನಿ. ಅಮ್ಮನ ಗುರುತು ಒಂದೂ ಉಳೀಬಾರದು. ನಾನು ಹೇಳ್ದೆ ಅಂತ ಮಾತ್ರ ಅನ್ಬೇಡಿ" ಎಂದಳು. ನಾನು ತಿಳಿದೇ ತೊಳೆದೆ. ಆ ಮುದುಕನಿಗೆ ಈಗ ಉಳಿದಿರುವುದು ಅವಳೊಬ್ಬಳು. ಇವತ್ತು ಮಧ್ಯಾಹ್ನ ಅವರ ಮನೆಯ ಮುಂದೆ ಹಾದುಹೋದೆ. ಕಿಟಕಿಯ ಬಳಿ ಫೋನು ಕಿವಿಗಿಟ್ಟುಕೊಂಡು ನಿಂತಿದ್ದರು, ಮಗಳಿಗೇ ಇರಬೇಕು, ಏನೋ ಜೋರಾಗಿ ಹೇಳುತ್ತಿದ್ದರು. ಊರು ಏನಾದರೂ ಅಂದುಕೊಳ್ಳಲಿ. ನೀನೂ ಯಾರ ಹತ್ತಿರವೂ ಬಾಯಿ ಬಿಡಬೇಡ.