ತಾಯಿಯ ಹೆಸರಿಗೆ ನಿವೇಶನ

ಕಾಪು, ೧೮ ನವೆಂಬರ್ ೧೯೬೪, ಬುಧವಾರ.

ಪುನರ್ವಸತಿ ಕಮಿಷನರ್ ಆಗಿ ನನ್ನ ಊರಿಗೆ ಬಂದ ನನಗೆ, ಊರವರು ಹಾಕಿದ ಹಾರಕ್ಕಿಂತ ಭುಜಂಗನ ಅರ್ಜಿಯೇ ಭಾರವಾಯಿತು. ಅವನು ಬರ್ಮಾದಿಂದ, ಅಲ್ಲಿಯವಳೇ ಆದ ಹೆಂಡತಿ ಮತ್ತು ಮಕ್ಕಳೊಂದಿಗೆ ಬರಿಗೈಯಲ್ಲಿ ಮರಳಿದವನು. ‘ಅರ್ಜಿದಾರನಿಗೆ ಕುಟುಂಬದ ಮನೆಯಿದೆ, ನಿವೇಶನ ಕೊಡುವಂತಿಲ್ಲ’ ಎಂದಿತ್ತು ನನ್ನ ದೆಹಲಿ ಕಚೇರಿ. ನಮ್ಮ ಅಳಿಯಸಂತಾನದಲ್ಲಿ ಮನೆ ಹೆಣ್ಣುಮಕ್ಕಳ ಸಂತತಿಗೆ ಎಂಬುದು ಅಲ್ಲಿಯವರಿಗೆ ಎಲ್ಲಿಂದ ಗೊತ್ತು?

ಭುಜಂಗನ ತಂಗಿ ಪ್ರಫುಲ್ಲಾ ಕುಟುಂಬದ ಮನೆಯ ಬಾಗಿಲಲ್ಲೇ ನಿಂತು ಹೇಳಿದಳು: “ಅಣ್ಣ ಇರಲಿ. ಮಕ್ಕಳು ಅವರ ತಾಯಿಮನೆಗೆ ಹೋಗಲಿ. ಕಟ್ಟಲೆ ನಿಮಗೂ ಗೊತ್ತುಂಟಲ್ವಾ?”

“ಅವರ ತಾಯಿಮನೆ ರಂಗೂನಿನಲ್ಲಿ ಮಾರಾಯ್ತಿ. ಹಡಗು ನೀನು ಮಾಡಿಸುತ್ತೀಯಾ?” ಎಂದೆ.

ಪ್ರಫುಲ್ಲಾ ನಗಲಿಲ್ಲ. ಅವಳದೂ ತಪ್ಪಲ್ಲ.

ಜೀಪಿನಲ್ಲೇ ಆದೇಶ ಬರೆಸಿದೆ: ನಿವೇಶನ ಭುಜಂಗನ ಹೆಂಡತಿಯ ಹೆಸರಿಗೆ. ದೆಹಲಿ ಆಕ್ಷೇಪಿಸಿದರೆ ನನಗೆ ಬಾಯಿ ಉಂಟು. ಕಟ್ಟಲೆ ಪ್ರಕಾರವೇ ಆ ಮಕ್ಕಳಿಗೆ ಕಾಪುವಿನಲ್ಲೊಂದು ತಾಯಿಮನೆಯಾಯಿತು. ಇನ್ನು ಪ್ರಫುಲ್ಲಾ ಎಂತ ಹೇಳುತ್ತಾಳೋ…